ಮಗಳನ್ನ ಡಿಫೆನ್ಸಿವ್ ಮಿಡ್‌ಗೆ ಹಾಕಿದಾರೆ, ಯಾರ ಆಟ ತೋರಿಸ್ಲಿ?

ಸಂಪಿಗೆಮರ:

ಎಲ್ರಿಗೂ ನಮಸ್ಕಾರ. ನಂಗೆ ಫುಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಮಗಳು ಆಡೋದು ನೋಡ್ತಾ ನೋಡ್ತಾ ಕಲೀತಿದೀನಿ, ಏನಾದ್ರೂ ತಪ್ಪಿದ್ರೆ ತಿದ್ದಿ.

ಅವಳಿಗೆ ಈಗ 14. ಎಂಟನೇ ವಯಸ್ಸಿಂದ ಆಡ್ತಿದಾಳೆ. ಇಷ್ಟು ವರ್ಷ ಮುಂದೆ ಆಡ್ತಿದ್ಲು, ಗೋಲ್ ಹೊಡೀತಿದ್ಲು, "ಇವತ್ತು ಎಷ್ಟು ಗೋಲು?" ಅಂತ ಕೇಳಿದ್ರೆ ಸಾಕು, ಊಟ ಮುಗಿಯೋವರೆಗೂ ಇಡೀ ಮ್ಯಾಚ್ ಕಥೆ ಬರ್ತಿತ್ತು. ಈ ಸಲ ಹೊಸ ಕೋಚ್ ಬಂದ್ರು, ಇವಳನ್ನ ಮುಂದಿಂದ ತೆಗೆದು ಡಿಫೆನ್ಸಿವ್ ಮಿಡ್ ಅಂತ, ಡಿಫೆಂಡರ್‌ಗಳ ಮುಂದೆ ನಿಂತು ಎದುರಿನವರನ್ನ ತಡೆಯೋ ಜಾಗ ಅಂತೆ, ಮಧ್ಯದಲ್ಲಿ ಹಾಕಿದ್ರು. "ಇವಳಿಗೆ ಆಟ ಓದೋಕೆ ಬರುತ್ತೆ, ಅದಕ್ಕೇ ಅಲ್ಲಿಗೆ ಹಾಕಿದ್ದು" ಅಂದ್ರು. ನಂಗೆ ಸಂತೋಷಾನೇ ಆಯ್ತು, ಅವಳಿಗೆ ಮಾತ್ರ ಏನೋ ಕಿತ್ಕೊಂಡ ಹಾಗಾಗಿದೆ.

ಹೋದ ಭಾನುವಾರ ಟೀಮ್ ಗೆದ್ದಿತ್ತು, 3-1. ಎಲ್ರೂ ಗೋಲ್ ಹೊಡೆದ ಹುಡುಗಿ ಸುತ್ತ ಫೋಟೋ ತಗೋತಿದ್ರು. ನಮ್ಮವಳು ಶಿನ್‌ಪ್ಯಾಡ್ ಕೈಯಲ್ಲಿ ಹಿಡ್ಕೊಂಡು, ಸಾಕ್ಸೆಲ್ಲ ಕೆಸರು ಮಾಡ್ಕೊಂಡು ಬಂದು ಸ್ಕೂಟರ್ ಹಿಂದೆ ಕೂತ್ಲು. ಅರ್ಧ ದಾರಿ ಮಾತಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಕೇಳಿದ್ಲು, "ಅಮ್ಮ, ಇವತ್ತು ನಾನೇನ್ ಮಾಡ್ದೆ ಅಂತ ನಿಂಗೆ ಗೊತ್ತಾಯ್ತಾ?" ಅಂತ. ಏನು ಹೇಳೋದು? ನಾನು ಚೆಂಡು ಎಲ್ಲಿ ಹೋಗುತ್ತೋ ಅಲ್ಲೇ ನೋಡ್ತಿದ್ದೆ. "ಚೆನ್ನಾಗಿ ಓಡಿದೆ ಕಣೇ" ಅಂದೆ. ಅವಳು "ಹೂಂ" ಅಂದು ಸುಮ್ಮನಾದ್ಲು. ಆ "ಹೂಂ" ಇನ್ನೂ ಕಿವಿಯಲ್ಲಿದೆ.

ಇದೇ ಜಾಗದಲ್ಲಿ ಆಡಿ ದೊಡ್ಡ ಹೆಸರು ಮಾಡಿದ ಹೆಂಗಸರು ಯಾರಿದಾರೆ? ಅವರ ಆಟ ಅವಳಿಗೆ ತೋರಿಸ್ಬೇಕು. ಯೂಟ್ಯೂಬಲ್ಲಿ ಹುಡುಕಿದ್ರೆ ಬರೀ ಗೋಲ್‌ಗಳ ವಿಡಿಯೋನೇ ಬರುತ್ತೆ. ಇನ್ನೊಂದು, ಇದ್ರಲ್ಲಿ ಮುಂದೆ ಬದುಕು ಅಂತ ಒಂದಿದೆಯಾ? ಅವರಪ್ಪ ದಿನಾ ಕೇಳ್ತಾರೆ.

ಎಂಟನೇನಂಬರ್:

ಅಕ್ಕ, ಫೋರ್ಮಿಗಾ ತೋರಿಸಿ. ಬೇರೆ ಹೆಸರುಗಳೂ ಇವೆ, ಆಮೇಲೆ ನೋಡೋಣ, ಮೊದಲು ಇವಳು.

ಬ್ರೆಜಿಲ್‌ನವಳು, ಬಾಯಿಯಾ ರಾಜ್ಯದ ಸಾಲ್ವಡಾರ್ ಊರು. ನಿಜವಾದ ಹೆಸರು ಮಿರೈಲ್ಡಿಸ್ ಮಾಸಿಯೆಲ್ ಮೋಟಾ, ಆದ್ರೆ ಆ ಹೆಸರಲ್ಲಿ ಯಾರೂ ಕರೆಯಲ್ಲ. ಫೋರ್ಮಿಗಾ ಅಂದ್ರೆ ಪೋರ್ಚುಗೀಸ್ ಭಾಷೇಲಿ ಇರುವೆ. ಚಿಕ್ಕ ಹುಡುಗಿ ಇದ್ದಾಗಲೇ ಇಟ್ಟ ಹೆಸರು, ತನಗಾಗಿ ಅಲ್ದೆ ಇಡೀ ಗೂಡಿಗಾಗಿ ಓಡಾಡೋ ಇರುವೆ ಥರ ಆಡ್ತಾಳೆ ಅಂತ. ನಿಮ್ಮ ಮಗಳು ಆಡ್ತಿರೋ ಜಾಗಕ್ಕೆ ಇದಕ್ಕಿಂತ ಸರಿಯಾದ ಹೆಸರು ನಂಗೆ ಗೊತ್ತಿಲ್ಲ.

ಅವಳು ಹುಟ್ಟಿದ್ದು 1978ರ ಮಾರ್ಚ್ 3. ಆ ವರ್ಷ ನೆನಪಿಟ್ಕೊಳ್ಳಿ, ಯಾಕಂದ್ರೆ ಆಗ ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡೋದು ಕಾನೂನು ಪ್ರಕಾರ ತಪ್ಪು! 1941ರಲ್ಲಿ ಅಲ್ಲಿನ ಸರ್ಕಾರ ಒಂದು ಆದೇಶ ತಂದಿತ್ತು, ಹೆಣ್ಣಿನ ಸ್ವಭಾವಕ್ಕೆ ಹೊಂದದ ಆಟಗಳನ್ನ ಹೆಂಗಸರು ಆಡಬಾರ್ದು ಅಂತ. ಅದನ್ನ ತೆಗೆದಿದ್ದು 1979ರಲ್ಲಿ. ಪೆಲೆ ಮೂರು ವರ್ಲ್ಡ್ ಕಪ್ ಗೆದ್ದು ರಿಟೈರ್ ಆದ ಮೇಲೂ ಆ ದೇಶದ ಹುಡುಗೀರಿಗೆ ಗ್ರೌಂಡ್‌ಗೆ ಇಳಿಯೋ ಹಕ್ಕಿರ್ಲಿಲ್ಲ ಅಂದ್ರೆ ಯೋಚ್ನೆ ಮಾಡಿ. ಕಾನೂನು ಹೋದ್ರೂ ಜನರ ತಲೆಯಿಂದ ಹೋಗ್ಲಿಲ್ಲ, ಇವಳು ಹುಡುಗರ ಜೊತೆ ಬೀದೀಲಿ ಆಡ್ತಾಳೆ ಅಂತ ಮನೇಲೇ ಅಣ್ಣನ ಕೈಲಿ ಏಟು ತಿಂದಿದಾಳೆ.

1995ರಲ್ಲಿ ಸ್ವೀಡನ್‌ನಲ್ಲಿ ವರ್ಲ್ಡ್ ಕಪ್, ಇವಳಿಗೆ 17. ಆಗೆಲ್ಲ ಗಂಡಸರ ಟೀಮ್ ಹಾಕಿ ಬಿಟ್ಟ ಜರ್ಸಿಗಳನ್ನ ಇವರಿಗೆ ಕೊಡ್ತಿದ್ರು, ಮೊಣಕೈ ದಾಟಿ ಜೋತು ಬೀಳೋ ದೊಡ್ಡ ದೊಡ್ಡ ಜರ್ಸಿ. ಅಲ್ಲಿಂದ ಶುರು. 1999, 2003, 2007, 2011, 2015, 2019, ಒಟ್ಟು ಏಳು ವರ್ಲ್ಡ್ ಕಪ್. ಗಂಡಸರಲ್ಲೂ ಹೆಂಗಸರಲ್ಲೂ ಇನ್ಯಾರೂ ಏಳು ವರ್ಲ್ಡ್ ಕಪ್ ಆಡಿಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಫುಟ್‌ಬಾಲ್ ಶುರುವಾಗಿದ್ದೇ 1996ರ ಅಟ್ಲಾಂಟಾದಲ್ಲಿ, ಅಲ್ಲಿಂದ ಟೋಕಿಯೋವರೆಗೆ ಒಂದೂ ಬಿಡದೆ ಏಳಕ್ಕೆ ಏಳೂ ಆಡಿದಾಳೆ. 2019ರಲ್ಲಿ ಫ್ರಾನ್ಸ್‌ನಲ್ಲಿ ಆಡಿದಾಗ 41 ವರ್ಷ, ಅವಳ ಪಕ್ಕ ನಿಂತ ಕೆಲವು ಹುಡುಗೀರು ಅವಳ ಮೊದಲ ವರ್ಲ್ಡ್ ಕಪ್ ಹೊತ್ತಿಗೆ ಹುಟ್ಟೇ ಇರ್ಲಿಲ್ಲ.

ಗೋಲ್ ಹೊಡೆದಿಲ್ವಾ ಅಂದ್ರೆ ಹೊಡೆದಿದಾಳೆ, 2015ರಲ್ಲಿ ಕೊರಿಯಾ ಮೇಲೆ ಹೊಡೆದಾಗ 37, ಹೆಂಗಸರ ವರ್ಲ್ಡ್ ಕಪ್‌ನಲ್ಲಿ ಅಷ್ಟು ವಯಸ್ಸಲ್ಲಿ ಗೋಲ್ ಹೊಡೆದವರು ಯಾರೂ ಇರ್ಲಿಲ್ಲ. ಆದ್ರೆ ಅವಳನ್ನ ಗೋಲ್‌ಗೋಸ್ಕರ ನೋಡ್ಬೇಡಿ. ಅದೇ ಬ್ರೆಜಿಲ್ ಟೀಮ್‌ನ ಮಾರ್ತಾ ಅಂತ ಇದಾಳಲ್ಲ, ಎಲ್ರಿಗೂ ಗೊತ್ತಿರೋಳು, ಅವಳು ಮುಂದೆ ಹೋಗಿ ನಾಲ್ಕು ಜನರನ್ನ ದಾಟೋ ಧೈರ್ಯ ಮಾಡ್ತಿದ್ದಿದ್ದು ಹಿಂದೆ ಫೋರ್ಮಿಗಾ ಇದಾಳೆ ಅನ್ನೋ ನಂಬಿಕೆ ಮೇಲೆ. 2007ರ ಸೆಮಿಫೈನಲ್ ಸಿಕ್ಕಿದ್ರೆ ತೋರಿಸಿ, ಅಮೆರಿಕಾನ 4-0 ಸೋಲಿಸಿದ್ದು. ಎಲ್ರೂ ಮಾರ್ತಾ ಹಿಮ್ಮಡಿಯಲ್ಲಿ ಚೆಂಡು ತಿರುಗಿಸಿ ಹೊಡೆದ ಗೋಲ್ ನೋಡ್ತಾರೆ. ನೀವು ಫೋರ್ಮಿಗಾಳ 8ನೇ ನಂಬರ್ ಜರ್ಸಿ ನೋಡಿ.

ಬೆಳಗಾವಿಹುಡುಗ:

ಮ್ಯಾಡಮ್ಮರ, ಫೋರ್ಮಿಗಾ ಬಗ್ಗೆ ಮ್ಯಾಲ ಹೇಳಿದ್ದೆಲ್ಲಾ ಖರೇ ಐತಿ. ಆದ್ರ ನೀವು ಬದುಕಿನ ಬಗ್ಗೆನೂ ಕೇಳೀರಿ, ಅದನ್ನ ಯಾರೂ ಮುಟ್ಟಿಲ್ಲ, ಹಂಗಾಗಿ ನಾ ಹೇಳ್ತೇನಿ.

ಅಕೀ ಏಳು ವರ್ಲ್ಡ್ ಕಪ್ ಆಡಿದ್ದು ದೊಡ್ಡ ಮಾತು, ಆದ್ರ ಆ ಇಪ್ಪತ್ತಾರು ವರ್ಷ ಹೊಟ್ಟಿಪಾಡಿಗೆ ಎಲ್ಲೆಲ್ಲಿ ಅಡ್ಡ್ಯಾಡ್ಯಾಳ ಅನ್ನೋದೂ ನೋಡ್ರಿ. ಸ್ವೀಡನ್ನಿನ ಮಾಲ್ಮೋ, ಅಮೆರಿಕಾದಾಗ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಶಿಕಾಗೋ, ತಿರುಗಿ ಬ್ರೆಜಿಲ್. ಕ್ಯಾಲಿಫೋರ್ನಿಯಾದ ಗೋಲ್ಡ್ ಪ್ರೈಡ್ ಅನ್ನೂ ಟೀಮು 2010ರಾಗ ಮುಚ್ಚೇ ಹೋತು, ಅಮೆರಿಕಾದ ಆ ಲೀಗೂ ಮುಂದ ಬಾಳ ದಿನ ಉಳೀಲಿಲ್ಲ. ಹೆಣ್ಮಕ್ಕಳ ಟೀಮಂದ್ರ ಅವಾಗ ಇವತ್ತ ಇರ್ತಿತ್ತು, ನಾಳೆ ಇರ್ತಿರಲಿಲ್ಲ. ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) ಅಂಥಾ ದೊಡ್ಡ ಕ್ಲಬ್ ಅಕೀನ್ನ ಕರದದ್ದು 2017ರಾಗ, ಅವಾಗ ಅಕೀಗೆ ಮೂವತ್ತೆಂಟು ಮುಗಿಯಾಕ ಬಂದಿತ್ತು! ಬ್ಯಾರೇದವರು ಬೂಟ ಮೂಲಿಗೆ ಒಗಿಯೂ ವಯಸ್ಸಿನ್ಯಾಗ ಅಕೀ ಹೋಗಿ ನಾಕ ವರ್ಷ ಆಡಿದಳು. 2021ರಾಗ ಪಿಎಸ್‌ಜಿ ಫ್ರಾನ್ಸ್ ಲೀಗ್ ಗೆದ್ದಿತು, ಅದಕ್ಕಿಂತ ಮೊದಲ ಹದಿನಾಲ್ಕು ವರ್ಷ ಬರೇ ಲಿಯಾನ್ ಒಂದ ಗೆಲ್ತಿತ್ತು.

ಈಗ ನಮ್ಮಲ್ಲಿ ಏನೈತಿ? ಇಂಡಿಯನ್ ವಿಮೆನ್ಸ್ ಲೀಗ್ ಐತಿ. ಬೆಂಗಳೂರಿನ ಕಿಕ್‌ಸ್ಟಾರ್ಟ್ 2023ರಾಗ ಅದರ ಫೈನಲ್‌ಗೆ ಹೋಗಿತ್ತು, ಕೇರಳದ ಗೋಕುಲಂ ಟೀಮಿನ ಕೈಯಾಗ 5-0 ಸೋತರೂ ನಮ್ಮ ರಾಜ್ಯದ ಒಂದ ಟೀಮ ಅಲ್ಲೀಮಟಾ ಹೋತಲ್ಲ ಅಂತ ನಾವಿಲ್ಲಿ ಬಾಳ ಖುಷಿಪಟ್ಟಿದ್ವಿ. ಮಿಡ್‌ಫೀಲ್ಡರ್ ಅಂದ್ರ ನಮ್ಮ ದೇಶದ ಸಂಗೀತಾ ಬಾಸ್ಫೋರ್ ಅವರನ್ನ ತೋರಸ್ರಿ, ಬಂಗಾಲದ ಕಲ್ಯಾಣಿ ಊರಿನವರು. 2025ರ ಜುಲೈ 5ಕ್ಕ ಥಾಯ್ಲೆಂಡಿನ ಚಿಯಾಂಗ್ ಮಾಯ್‌ದಾಗ, ಥಾಯ್ಲೆಂಡ್ ಮ್ಯಾಲ, ಅವರ ಮನಿಯಂಗಳದಾಗ, ಗೆದ್ದವರು ಏಷ್ಯನ್ ಕಪ್‌ಗೆ ಹೋಗ್ತಾರ ಅನ್ನೂ ಮ್ಯಾಚಿನ್ಯಾಗ ನಾವು 2-1 ಗೆದ್ದಿವಿ, ಎರಡೂ ಗೋಲ್ ಸಂಗೀತಾದು. ಮಂಡಿ ಕೆಟ್ಟು ಬಾಳ ತಿಂಗಳ ಹೊರಗ ಕುಂತು ತಿರುಗಿ ಬಂದಾಕಿ ಅಕೀ. ಸಶಸ್ತ್ರ ಸೀಮಾ ಬಲದಾಗ ನೌಕರಿನೂ ಐತಿ, ಇದು ನಿಮ್ಮ ಯಜಮಾನರಿಗೆ ಹೇಳ್ರಿ. ನಮ್ಮಲ್ಲಿ ಆಡೂ ಹೆಣ್ಮಕ್ಕಳಿಗೆ ಪೊಲೀಸ್, ರೈಲ್ವೆ, ಇಂಥಾ ಸ್ಪೋರ್ಟ್ಸ್ ಕೋಟಾ ನೌಕರಿ ದೊಡ್ಡ ಆಸರೆ. ಬರೇ ಕ್ಲಬ್ ರೊಕ್ಕದ ಮ್ಯಾಲ ಮನಿ ನಡಸ್ತೇನಿ ಅನ್ನೂದು ಇನ್ನೂ ಕಷ್ಟ ಐತಿ, ಸುಳ್ಳ ಆಸೆ ಹಚ್ಚೂದು ಬ್ಯಾಡ. ಸಾಲಿ ಬಿಡಸಬ್ಯಾಡ್ರಿ, ಆಟಾನೂ ಬಿಡಸಬ್ಯಾಡ್ರಿ.

ಎಂಟನೇನಂಬರ್:

@ಬೆಳಗಾವಿಹುಡುಗ ಪೂರ್ತಿ ಒಪ್ತೀನಿ ಅಣ್ಣ, ನಾನು ಬರೀ ದಾಖಲೆ ಬರೆದೆ, ನೀವು ಬದುಕು ಬರೆದ್ರಿ.

ಒಂದು ಮಾತು ಬಿಟ್ಟೋಗಿತ್ತು. 2021ರ ನವೆಂಬರ್‌ನಲ್ಲಿ ಫೋರ್ಮಿಗಾ ಬ್ರೆಜಿಲ್‌ಗೆ ಕೊನೇ ಮ್ಯಾಚ್ ಆಡಿದ್ದು ಯಾರ ಮೇಲೆ ಗೊತ್ತಾ? ನಮ್ಮ ಇಂಡಿಯಾ ಮೇಲೆ! ಅಮೆಜಾನ್ ಕಾಡಿನ ನಡುವೆ ಇರೋ ಮನಾವ್ಸ್ ಊರಲ್ಲಿ. ಅಲ್ಲಿ ರಾತ್ರಿ, ನಮಗೆ ಬೆಳಿಗ್ಗೆ ಆರೂವರೆ. ನಾನು ಹಲ್ಲೂ ಉಜ್ಜದೆ ಕೂತು ನೋಡಿದೀನಿ. ಶುರುವಾಗಿ ಒಂದು ನಿಮಿಷಕ್ಕೆಲ್ಲ ಬ್ರೆಜಿಲ್‌ನ ದೆಬಿನ್ಯಾ ಗೋಲ್ ಹೊಡೆದ್ಲು, ಮುಗೀತು ಕಥೆ ಅಂದ್ಕೊಂಡೆ. ಆದ್ರೆ ಎಂಟನೇ ನಿಮಿಷಕ್ಕೆ ನಮ್ಮ ಮನೀಷಾ ಕಲ್ಯಾಣ್ ಚೆಂಡು ತಗೊಂಡು ಓಡಿ ಓಡಿ ಗೋಲ್ ಹೊಡೆದಾಗ ನಾನು ಕೂಗಿದ್ದಕ್ಕೆ ಒಳಗಿಂದ ಅಮ್ಮ ಗಾಬರಿಯಾಗಿ ಬಂದ್ರು. ಬ್ರೆಜಿಲ್ ಮೇಲೆ ಇಂಡಿಯಾದ ಗೋಲ್, ಅದೂ ಬ್ರೆಜಿಲ್ ನೆಲದಲ್ಲಿ. ಕೊನೆಗೆ 6-1 ಸೋತ್ವಿ, ಇರ್ಲಿ. ಅದೇ ಮನೀಷಾ ಮುಂದಿನ ವರ್ಷ ಸೈಪ್ರಸ್‌ನ ಅಪೊಲನ್ ಕ್ಲಬ್‌ಗೆ ಹೋಗಿ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದ್ಲು.

ಸೆಕೆಂಡ್ ಹಾಫ್‌ನಲ್ಲಿ ಫೋರ್ಮಿಗಾ ಸಬ್ ಆಗಿ ಇಳಿದ್ಲು. 43 ವರ್ಷ. ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಒಮ್ಮೆ ರಿಟೈರ್ ಆಗಿದ್ಲು ಅವಳು, 2016ರಲ್ಲಿ, ಆಮೇಲೆ ಟೀಮ್‌ನೋರು ಬಾ ಅಂತ ಕರೆದ್ರು ಅಂತ ಮತ್ತೆ ಬಂದು ಇನ್ನೊಂದು ವರ್ಲ್ಡ್ ಕಪ್, ಇನ್ನೊಂದು ಒಲಿಂಪಿಕ್ಸ್ ಆಡಿದ್ಲು, ಯಾಕಂದ್ರೆ ಅವಳ ಜಾಗ ತುಂಬೋರು ಸಿಕ್ಕಿರ್ಲಿಲ್ಲ. 2019ರಲ್ಲಿ ಫ್ರಾನ್ಸ್ ಮೇಲೆ ಸೋತು ಹೊರಗೆ ಬಿದ್ದ ದಿನ ಮಾರ್ತಾ ಕ್ಯಾಮೆರಾ ನೋಡ್ಕೊಂಡು, ಕಣ್ಣಲ್ಲಿ ನೀರು ತುಂಬ್ಕೊಂಡು ಬ್ರೆಜಿಲ್‌ನ ಹುಡುಗೀರಿಗೆ ಹೇಳಿದ್ಲು, ಫೋರ್ಮಿಗಾ ಯಾವಾಗಲೂ ಇರಲ್ಲ, ಮಾರ್ತಾ ಇರಲ್ಲ, ಕ್ರಿಸ್ಟಿಯಾನಿ ಇರಲ್ಲ, ಇನ್ನು ಈ ಆಟ ಉಳಿಯೋದು ನಿಮ್ಮ ಕೈಲಿದೆ ಅಂತ. ಮೊದಲು ಯಾರ ಹೆಸರು ಹೇಳಿದ್ಲು ನೋಡಿ! ಜಗತ್ತಿನ ಬೆಸ್ಟ್ ಆಟಗಾರ್ತಿ ಅಂತ ಆರು ಸಲ ಪ್ರಶಸ್ತಿ ತಗೊಂಡೋಳು ಮೊದಲು ಹೇಳಿದ್ದು ಫೋರ್ಮಿಗಾ ಹೆಸರು.

ಎಡಗಾಲು:

ಸಂಪಿಗೆಮರ ಅವರೇ, ನಿಮ್ಮ ಪೋಸ್ಟ್ ಓದಿ ಗಂಟಲು ಕಟ್ಟಿತು. ನಾನು ಕಾಲೇಜು ಟೀಮ್‌ಗೆ ಇದೇ ಜಾಗದಲ್ಲಿ ಮೂರು ವರ್ಷ ಆಡಿದೀನಿ. ನಮ್ಮಪ್ಪ ಒಂದು ಮ್ಯಾಚ್ ಬಿಟ್ಟವರಲ್ಲ, ಆದ್ರೆ ನಾನೇನು ಮಾಡ್ತಿದ್ದೆ ಅನ್ನೋದು ಅವರಿಗೂ ಗೊತ್ತಾಗ್ಲಿಲ್ಲ, ನಾನೂ ಹೇಳಿಕೊಡ್ಲಿಲ್ಲ. ಹಾಗಾಗಿ ದೊಡ್ಡವರ ವಿಡಿಯೋ ತೋರಿಸೋದಕ್ಕಿಂತ ಮೊದಲು ನೀವು ಅವಳನ್ನ ನೋಡೋದು ಕಲೀರಿ, ತಪ್ಪು ತಿಳ್ಕೋಬೇಡಿ.

ಮುಂದಿನ ಮ್ಯಾಚಲ್ಲಿ ಹತ್ತೇ ಹತ್ತು ನಿಮಿಷ ಚೆಂಡನ್ನ ಮರೆತುಬಿಡಿ. ಅವಳ ತಲೆ ನೋಡಿ. ಚೆಂಡು ಅವಳ ಹತ್ರ ಬರೋ ಮುಂಚೆ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಭುಜದ ಮೇಲಿಂದ ಹಿಂದೆ ತಿರುಗಿ ನೋಡ್ತಾಳಾ? ಹಿಂದೆ ಯಾರಿದಾರೆ, ಎಲ್ಲಿ ಖಾಲಿ ಇದೆ ಅಂತ ಮೊದಲೇ ಲೆಕ್ಕ ಹಾಕಿಟ್ಕೊಂಡಿರ್ತಾಳೆ, ಅದಕ್ಕೇ ಚೆಂಡು ಬಂದ ತಕ್ಷಣ ಒಂದೇ ಟಚ್‌ನಲ್ಲಿ ಸರಿಯಾದ ಕಡೆ ಕಳಿಸೋಕಾಗೋದು. ಎರಡನೇದು, ಚೆಂಡು ಎದುರು ಟೀಮ್ ಹತ್ರ ಇದ್ದಾಗ ಅವಳು ಎಲ್ಲಿ ನಿಂತಿದಾಳೆ ನೋಡಿ. ಒಳ್ಳೇ ಡಿಫೆನ್ಸಿವ್ ಮಿಡ್ ಟ್ಯಾಕಲ್ ಮಾಡೋದೇ ಕಮ್ಮಿ. ಎದುರಿನೋಳು ಪಾಸ್ ಮಾಡೋಣ ಅಂತ ತಲೆ ಎತ್ತಿದ್ರೆ ಅಲ್ಲಿ ಇವಳು ನಿಂತಿರ್ತಾಳೆ, ಅವಳು ಪಾಸ್ ಮಾಡದೆ ಹಿಂದಕ್ಕೆ ತಿರುಗ್ತಾಳೆ. ಆಗದೇ ಹೋದ ಪಾಸ್ ಯಾವ ಲೆಕ್ಕದಲ್ಲೂ ಬರಲ್ಲ, ಫೋಟೋದಲ್ಲೂ ಬರಲ್ಲ, ಆದ್ರೆ ಅದು ನಿಮ್ಮ ಮಗಳು ತಡೆದ ಗೋಲು. ಮೂರನೇದು, ನಿಮ್ಮ ಟೀಮ್ ಬ್ಯಾಕ್ ಹುಡುಗಿ ಮುಂದೆ ಓಡಿದಾಗ ಅವಳು ಬಿಟ್ಟು ಹೋದ ಜಾಗಕ್ಕೆ ಯಾರು ಹೋಗಿ ನಿಲ್ತಾರೆ ನೋಡಿ.

ಇನ್ನೊಂದು, ದಯವಿಟ್ಟು ಇದನ್ನ ಗಂಭೀರವಾಗಿ ತಗೊಳ್ಳಿ. ಮೊಣಕಾಲು. ನನ್ನ ಆಟ ನಿಂತಿದ್ದೇ ಅದರಿಂದ. ಯಾರೂ ಗುದ್ದಲಿಲ್ಲ, ನಾನೇ ಓಡ್ತಾ ತಿರುಗಿದೆ, ಒಳಗೆ ಟಪ್ ಅಂತ ಸದ್ದಾಯ್ತು, ಎಸಿಎಲ್, ಅಂದ್ರೆ ಮೊಣಕಾಲೊಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್, ಹರಿದು ಹೋಗಿತ್ತು. ಹುಡುಗರಿಗಿಂತ ಹುಡುಗೀರಿಗೆ ಎಸಿಎಲ್ ಹರಿಯೋದು ಜಾಸ್ತಿ, ಅದೂ ಈ ವಯಸ್ಸಿನಿಂದಲೇ ಶುರುವಾಗುತ್ತೆ. ಬಾರ್ಸಿಲೋನಾದ ಅಲೆಕ್ಸಿಯಾ ಪುಟೆಯಾಸ್ ಅಂತ ಇದಾರೆ, ಅವರೂ ಮಿಡ್‌ಫೀಲ್ಡರ್, 2021ರಲ್ಲಿ ವರ್ಷದ ಬೆಸ್ಟ್ ಆಟಗಾರ್ತಿಗೆ ಕೊಡೋ ಬ್ಯಾಲನ್ ಡಿ'ಓರ್ ಪ್ರಶಸ್ತಿ ಗೆದ್ದವರು, 2022ರಲ್ಲೂ ಗೆದ್ರು. ಆ 2022ರ ಯೂರೋ, ಅಂದ್ರೆ ಯುರೋಪಿನ ದೇಶಗಳ ಕಪ್, ಶುರುವಾಗೋಕೆ ಒಂದು ದಿನ ಇದೆ ಅನ್ನೋವಾಗ ಪ್ರಾಕ್ಟೀಸಲ್ಲಿ ಎಡಗಾಲಿನ ಎಸಿಎಲ್ ಹರೀತು. ಒಂಬತ್ತು ತಿಂಗಳಿಗೂ ಮೇಲೆ ಆಟ ಇಲ್ಲ. ತಿರುಗಿ ಬಂದು 2023ರಲ್ಲಿ ಸ್ಪೇನ್ ಜೊತೆ ವರ್ಲ್ಡ್ ಕಪ್ ಗೆದ್ರು, 2024ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಕೊನೇಲಿ ಇಳಿದು ಲಿಯಾನ್ ಮೇಲೆ ಗೋಲ್ ಹೊಡೆದ್ರು. ಆದ್ರೆ ಅವರ ಹಿಂದೆ ಡಾಕ್ಟರು, ಫಿಸಿಯೋ, ಜಿಮ್ಮು, ದುಡ್ಡು ಎಲ್ಲಾ ಇತ್ತು. ನನಗೆ ಸಿಕ್ಕಿದ್ದು ಒಂದು ನೀ ಕ್ಯಾಪ್, "ರೆಸ್ಟ್ ಮಾಡು" ಅನ್ನೋ ಒಂದು ಮಾತು.

ಫಿಫಾ 11+ ಅಂತ ಒಂದು ವಾರ್ಮ್ಅಪ್ ಇದೆ, ಇಪ್ಪತ್ತು ನಿಮಿಷ ಸಾಕು, ಚೆಂಡು ಬಿಟ್ರೆ ದೊಡ್ಡ ಸಲಕರಣೆ ಏನೂ ಬೇಡ, ಫ್ರೀಯಾಗಿ ಸಿಗುತ್ತೆ. ನೆಗೆದು ಇಳಿಯೋವಾಗ ಮಂಡಿ ಒಳಗೆ ಬಾಗದ ಹಾಗೆ ಅಭ್ಯಾಸ ಮಾಡಿಸುತ್ತೆ. ಪ್ರಾಕ್ಟೀಸ್ ಮುಂಚೆ ಪ್ರತಿ ಸಲ ಮಾಡಿಸ್ತಾರಾ ಅಂತ ಕೋಚ್‌ನ ಕೇಳಿ, ಮಾಡಿಸದಿದ್ರೆ ಬೇಜಾರು ಮಾಡ್ಕೊಳ್ದೆ ಹಿಂದೆ ಬಿದ್ದು ಕೇಳಿ.

ಗೌತಮಪುರ:

ನಾವು ಹಲಸೂರು ಗೌತಮಪುರದೋರು, ನಮ್ಮ ಏರಿಯಾಗೆ ಮಿನಿ ಬ್ರೆಜಿಲ್ ಅಂತಾನೇ ಹೆಸರು, ಪೆಲೆ ಪ್ರತಿಮೆ ಇದೆ. ಈ ಥ್ರೆಡ್ ಓದಿ ನಿನ್ನೆ ಅಕ್ಕನ ಮಗಳಿಗೆ ಫೋರ್ಮಿಗಾ ಯಾರು ಅಂತ ಕೇಳಿದೆ, ಗೊತ್ತಿಲ್ಲ ಅಂದ್ಲು, ನಂಗೂ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಬ್ರೆಜಿಲ್ ಬ್ರೆಜಿಲ್ ಅಂತ ಕೂಗಿದ್ವಲ್ಲ, ಅರ್ಧ ಬ್ರೆಜಿಲ್ ನಮ್ಗೆ ಗೊತ್ತೇ ಇಲ್ಲ. ಥ್ಯಾಂಕ್ಸ್.

ಸಂಪಿಗೆಮರ:

ಎಲ್ರಿಗೂ ಕೈ ಮುಗಿದು ಥ್ಯಾಂಕ್ಸ್. ಎರಡು ವಾರ ಆಯ್ತು, ಉತ್ತರ ಬರೆಯೋಕೆ ತಡ ಆಯ್ತು, ಯಾಕಂದ್ರೆ ಒಂದು ಮ್ಯಾಚ್ ನೋಡಿ ಬರೆಯೋಣ ಅಂತ ಕಾಯ್ತಿದ್ದೆ.

ಎಡಗಾಲು ಅವರು ಹೇಳಿದ ಹಾಗೇ ಮಾಡಿದೆ. ಹಾಲಿನ ಲೆಕ್ಕ ಬರೆಯೋ ಪುಟ್ಟ ಬುಕ್ ಬ್ಯಾಗಲ್ಲಿತ್ತು, ಅದರ ಹಿಂದಿನ ಹಾಳೇಲಿ ಗೆರೆ ಹಾಕ್ತಾ ಹೋದೆ. ಮೊದಲ ಹತ್ತು ನಿಮಿಷ ಕಣ್ಣು ಚೆಂಡಿನ ಹಿಂದೇನೇ ಓಡ್ತಿತ್ತು, ಎಳೆದೆಳೆದು ತರಬೇಕಾಯ್ತು. ಆಮೇಲೆ ಕಾಣಿಸ್ತು ನೋಡಿ. ತಲೆ ತಿರುಗಿಸ್ತಾಳೆ! ಕೋಳಿ ಥರ, ಆ ಕಡೆ ಈ ಕಡೆ, ಚೆಂಡು ಎಲ್ಲೋ ಇದ್ರೂ. ಒಂದು ಗೆರೆ, ಎರಡು, ಹದಿನೆಂಟಾದ ಮೇಲೆ ಎಣಿಸೋದು ಬಿಟ್ಟೆ. ನಮ್ಮ ಲೆಫ್ಟ್ ಬ್ಯಾಕ್ ಹುಡುಗಿ ಮುಂದೆ ಹೋದಾಗೆಲ್ಲ ಇವಳು ಯಾರೂ ಹೇಳದೆ ಅಲ್ಲಿಗೆ ಹೋಗಿ ನಿಲ್ತಿದ್ಲು. ಒಂದ್ಸಲ ಎದುರಿನ ಹತ್ತನೇ ನಂಬರ್ ಹುಡುಗಿ ಪಾಸ್ ಮಾಡೋಕೆ ಕಾಲೆತ್ತಿ, ಇವಳನ್ನ ನೋಡಿ, ಕಾಲು ಇಳಿಸಿ ಹಿಂದಕ್ಕೆ ತಿರುಗಿದ್ಲು. ನಾನು ಎದ್ದು ಚಪ್ಪಾಳೆ ತಟ್ಟಿದೆ, ಪಕ್ಕದಲ್ಲಿದ್ದ ಅಮ್ಮಂದಿರು ಏನಾಯ್ತು ಅಂತ ನೋಡಿದ್ರು, ಏನೂ ಆಗಿರ್ಲಿಲ್ಲವಲ್ಲ.

ಆ ದಿನ ಸೋತ್ರು, 0-1. ಸ್ಕೂಟರ್ ಹತ್ತಿದ್ಲು. ಈ ಸಲ ಅವಳು ಕೇಳೋ ಮುಂಚೆ ಬುಕ್ ಹಿಂದಕ್ಕೆ ಕೊಟ್ಟೆ. "ಇದೇನಮ್ಮ ಗೆರೆ?" ಅಂದ್ಲು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತನೇ ನಂಬರ್ ವಾಪಸ್ ತಿರುಗಿದ್ಲಲ್ಲ, ಅದು ನೋಡಿದ್ಯಾ?" ಅಂದ್ಲು. "ನೋಡ್ದೆ" ಅಂದೆ. ಮನೆ ಬರೋವರೆಗೂ ಬಾಯಿ ನಿಲ್ಲಿಸ್ಲಿಲ್ಲ.

ಮನಾವ್ಸ್ ಮ್ಯಾಚ್‌ನ ವಿಡಿಯೋ ಸಿಕ್ತು, ಅವಳೂ ಅವರಪ್ಪನೂ ಜೊತೆಗೆ ಕೂತು ನೋಡಿದ್ರು. ಮನೀಷಾ ಗೋಲ್ ನಾಲ್ಕು ಸಲ ಹಿಂದೆ ಹಾಕಿ ನೋಡಿದಾರೆ. ಸಂಗೀತಾ ಅವರ ನೌಕರಿ ವಿಷಯ ಹೇಳಿದ ಮೇಲೆ ಇವರು ಸ್ವಲ್ಪ ತಣ್ಣಗಾಗಿದಾರೆ. ವಾರ್ಮ್ಅಪ್ ಬಗ್ಗೆ ಕೋಚ್‌ನ ಕೇಳಿದೆ, ಮುಂದಿನ ವಾರದಿಂದ ಮಾಡಿಸ್ತೀನಿ ಅಂದಿದಾರೆ, ಬಿಡಲ್ಲ ನಾನು.

ಒಂದು ಡೌಟ್ ಉಳೀತು. ನಮಗೆ ಕಾರ್ನರ್ ಸಿಕ್ಕಾಗ ಎಲ್ರೂ ಗೋಲ್ ಮುಂದೆ ಹೋಗ್ತಾರೆ, ಇವಳೊಬ್ಳು ಅರ್ಧ ಗ್ರೌಂಡ್ ಹತ್ರ ಒಂಟಿಯಾಗಿ ನಿಂತಿರ್ತಾಳೆ. ಅದು ಅವಳಾಗೇ ನಿಲ್ಲೋದಾ, ಕೋಚ್ ಹೇಳಿರ್ತಾರಾ?

ಎಡಗಾಲು:

ಕೋಚ್ ಹೇಳಿರ್ತಾರೆ. ಕಾರ್ನರ್ ಹಾಳಾಗಿ ಎದುರಿನವರು ಚೆಂಡು ತಗೊಂಡು ಓಡಿ ಬಂದ್ರೆ ಅವರಿಗೂ ನಿಮ್ಮ ಗೋಲ್‌ಕೀಪರ್‌ಗೂ ಮಧ್ಯ ಇರೋದು ಅವಳೊಬ್ಳೇ. ಟೀಮಲ್ಲಿ ಯಾರ ಮೇಲೆ ಅತಿ ಹೆಚ್ಚು ನಂಬಿಕೆನೋ ಅವರನ್ನೇ ಅಲ್ಲಿ ನಿಲ್ಲಿಸೋದು. ಮುಂದಿನ ಮ್ಯಾಚಲ್ಲಿ ಅದಕ್ಕೂ ಒಂದು ಗೆರೆ ಹಾಕಿ, ಎಷ್ಟು ಸಲ ಓಡಿ ಬಂದ್ರು, ಎಷ್ಟು ಸಲ ನಿಲ್ಲಿಸಿದ್ಲು ಅಂತ. ಇಲ್ಲಿ ಬಂದು ಹೇಳಿ, ಕಾಯ್ತಿರ್ತೀನಿ.